ಓದುಗರ ಪ್ರಶ್ನೆಗೆ ಉತ್ತರ: ಜನವರಿ 26 ಮತ್ತು ಆಗಸ್ಟ್ 15

ಪ್ರಶ್ನೆ: ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಜನವರಿ 26ರಂದು; ಆತನ ಜಯಂತಿಯನ್ನು ನಾವು ಆಚರಿಸುವುದು ಆಗಸ್ಟ್ 15ರಂದು. ಆತನ ಸ್ಮರಣೆಗಾಗಿಯೇ ಈ ಎರಡೂ ದಿನಗಳನ್ನು ರಾಷ್ಟ್ರೀಯ ಹಬ್ಬಗಳಾಗಿ ಆರಿಸಲಾಯಿತೆಂದು ನಮ್ಮೂರಿನ ಸಭೆಯೊಂದರಲ್ಲಿ ಕೇಳಿದೆ. ಇದು ನಿಜವೇ?
– ಓದುಗರೊಬ್ಬರು, ಬೆಳಗಾವಿ ಜಿಲ್ಲೆ

ಉತ್ತರ: ನಿಜವಲ್ಲ. ಆದರೆ ಈ ಎರಡು ದಿನಗಳನ್ನು ಆರಿಸಿದವರಿಗೆ ಅವರವರದೇ ಕಾರಣಗಳಿದ್ದವು, ಅವುಗಳನ್ನು ತಿಳಿಯುವುದು ಅಗತ್ಯ.

ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿ ತೀರಿಕೊಂಡ ಮೇಲೂ ಕಿತ್ತೂರಿನ ಹೋರಾಟವನ್ನು ಕೈಬಿಡದೆ, ದತ್ತುಪುತ್ರ ಶಿವಲಿಂಗಪ್ಪನನ್ನು ಗದ್ದುಗೆಗೆ ಏರಿಸಬೇಕೆಂದು ಗೆರಿಲ್ಲಾ ಯುದ್ಧ ನಡೆಸಿದವನು ರಾಯಣ್ಣ. ತನ್ನವರೇ ಬಗೆದ ದ್ರೋಹದಿಂದ 1830ರಲ್ಲಿ ಸಿಕ್ಕಿಬಿದ್ದ ಆತನನ್ನು ಬ್ರಿಟಿಷರು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಇದಾಗಿ ಸುಮಾರು ನೂರು ವರ್ಷಗಳ ನಂತರ, 1929ರ ಡಿಸೆಂಬರಿನಲ್ಲಿ, ಜವಾಹರಲಾಲ್ ನೆಹರೂ ಅವರ ಅಧ್ಯಕ್ಷತೆಯಲ್ಲಿ ಲಾಹೋರಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಪೂರ್ಣ ಸ್ವರಾಜ್ಯದ ನಿರ್ಣಯವನ್ನು ಅಂಗೀಕರಿಸಿತು. ದೇಶದಾದ್ಯಂತ ಜನರು ಒಂದೇ ದಿನ ಪ್ರತಿಜ್ಞೆ ಸ್ವೀಕರಿಸಬೇಕೆಂಬ ಉದ್ದೇಶದಿಂದ ಜನವರಿ ತಿಂಗಳ ಕೊನೆಯ ಭಾನುವಾರವನ್ನು ಗೊತ್ತುಮಾಡಲಾಯಿತು; 1930ರಲ್ಲಿ ಆ ಭಾನುವಾರ 26ನೆಯ ತಾರೀಖಿಗೆ ಬಿದ್ದಿತ್ತು. ಅಲ್ಲಿಂದ 1947ರವರೆಗೂ ಜನವರಿ 26ನ್ನೇ ಸ್ವಾತಂತ್ರ್ಯ ದಿನವೆಂದು ಆಚರಿಸಲಾಗುತ್ತಿತ್ತು. ಸಂವಿಧಾನವು 1949ರ ನವೆಂಬರ್ 26ರಂದೇ ಅಂಗೀಕಾರವಾಗಿ, ಪೌರತ್ವ ಮತ್ತು ಚುನಾವಣೆಗೆ ಸಂಬಂಧಿಸಿದವು ಸೇರಿದಂತೆ ಕೆಲವು ವಿಧಿಗಳು ಅಂದೇ ಜಾರಿಗೆ ಬಂದರೂ, ಉಳಿದ ಭಾಗವನ್ನು ಎರಡು ತಿಂಗಳು ಕಾದು 1950ರ ಜನವರಿ 26ರಂದು ಜಾರಿಗೆ ತಂದದ್ದು ಆ ಹಳೆಯ ಪ್ರತಿಜ್ಞೆಯ ಗೌರವಾರ್ಥವಾಗಿ. ಹೀಗೆ 1930 ಮತ್ತು 1950ರ ನಡುವಿನ ನಂಟು ಬುದ್ಧಿಪೂರ್ವಕವಾದದ್ದು, 1831ರೊಂದಿಗಿನದು ಕಾಕತಾಳೀಯ.

ಆಗಸ್ಟ್ 15ರ ಕಾರಣವಂತೂ ಬೇರೆಯೇ. 1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುವುದಾಗಿ ಬ್ರಿಟಿಷ್ ಸರ್ಕಾರ ಹೇಳಿದ್ದರೂ ಮೌಂಟ್‌ಬ್ಯಾಟನ್ ಅದನ್ನು ಹಿಂದಕ್ಕೆ ತಂದು 1947ರ ಆಗಸ್ಟ್ 15ನ್ನು ಘೋಷಿಸಿದರು. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮಹಾದಂಡನಾಯಕರಾಗಿದ್ದ ಅವರಿಗೆ ಅದು ಜಪಾನ್ ಶರಣಾದ ದಿನವಾಗಿತ್ತು. ನಮ್ಮ ಹೋರಾಟದ ಯಾವ ನೆನಪೂ ಆ ಆಯ್ಕೆಯಲ್ಲಿ ಇರಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿಯೇ. ಅದೇ ದಿನ 75 ವರ್ಷ ತುಂಬಿದ ಶ್ರೀ ಅರವಿಂದರು ಮಾತ್ರ ತಮ್ಮ ಜನ್ಮದಿನದೊಂದಿಗೆ ಸ್ವಾತಂತ್ರ್ಯ ಕೂಡಿಬಂದದ್ದನ್ನು ಆಕಸ್ಮಿಕವೆಂದು ಭಾವಿಸದೆ ದೈವಸಂಕಲ್ಪವೆಂದೇ ತಮ್ಮ ಸಂದೇಶದಲ್ಲಿ ತಿಳಿಸಿದ್ದರು. ಅದು ಶ್ರದ್ಧೆಯ ಮಾತು, ಅದನ್ನು ಗೌರವಿಸೋಣ. ಆದರೆ ರಾಯಣ್ಣನ ವಿಷಯದಲ್ಲಿ ಇಲ್ಲದ ನಿರ್ಧಾರವೊಂದನ್ನು ದೆಹಲಿಯ ನಾಯಕರ ಮೇಲೆ ಹೊರಿಸುವುದು ಸರಿಯಲ್ಲ. ಹಾಗೆ ಮಾಡಿದರೆ, ಆತನ ಬಲಿದಾನವನ್ನು ನೆನೆಯಲು ಇನ್ನೊಂದು ಹಬ್ಬದ ಆಸರೆ ಬೇಕೆಂದು ನಾವೇ ಒಪ್ಪಿಕೊಂಡಂತಾಗುತ್ತದೆ.

ಪ್ರಶ್ನೆ: ಕೊರಿಯಾದಲ್ಲಿಯೂ ಆಗಸ್ಟ್ 15 ರಾಷ್ಟ್ರೀಯ ದಿನವಂತೆ. ಇದೂ ಆಕಸ್ಮಿಕವೇ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಅಲ್ಲ, ಎರಡಕ್ಕೂ ಮೂಲ ಒಂದೇ. 1910ರಿಂದ ಕೊರಿಯಾವನ್ನು ಆಳುತ್ತಿದ್ದ ಜಪಾನಿನ ಸೋಲನ್ನು ಚಕ್ರವರ್ತಿ ಹಿರೋಹಿಟೊ 1945ರ ಆಗಸ್ಟ್ 15ರ ಮಧ್ಯಾಹ್ನ ರೇಡಿಯೊದಲ್ಲಿ ಪ್ರಕಟಿಸಿದ್ದರಿಂದ, ಕೊರಿಯನ್ನರಿಗೆ ಅದು ಬಿಡುಗಡೆಯ ದಿನವಾಯಿತು. ದಕ್ಷಿಣ ಕೊರಿಯಾದ ಸರ್ಕಾರವು 1948ರಲ್ಲಿ ಅದೇ ದಿನ ಅಧಿಕೃತವಾಗಿ ಸ್ಥಾಪನೆಯಾಯಿತು. ದೇಶ ಎರಡಾದರೂ ಉತ್ತರ, ದಕ್ಷಿಣ ಕೊರಿಯಾಗಳೆರಡೂ ಈಗಲೂ ವಿಮೋಚನಾ ದಿನವನ್ನು ಆಗಸ್ಟ್ 15ರಂದೇ ಆಚರಿಸುತ್ತವೆ.

ಜನವರಿ 26 ಆಸ್ಟ್ರೇಲಿಯಾಕ್ಕೂ ರಾಷ್ಟ್ರೀಯ ದಿನವೇ, ಆದರೆ ಅದಕ್ಕೂ ನಮ್ಮ ಗಣರಾಜ್ಯೋತ್ಸವಕ್ಕೂ ಸಂಬಂಧವಿಲ್ಲ. 1788ರ ಆ ದಿನ ಆರ್ಥರ್ ಫಿಲಿಪ್ ಸಿಡ್ನಿಯ ಕೊಲ್ಲಿಯಲ್ಲಿ ಬ್ರಿಟಿಷ್ ಧ್ವಜ ಏರಿಸಿದರು. ಅಲ್ಲಿನ ಮೂಲನಿವಾಸಿಗಳು 1938ರಲ್ಲಿ, ವಸಾಹತಿಗೆ 150 ವರ್ಷ ತುಂಬಿದಾಗ, ಅದನ್ನು ಶೋಕದಿನವೆಂದು ಕರೆದು ಸಭೆ ನಡೆಸಿದರು. ಆ ದಿನಾಂಕವನ್ನು ಬದಲಿಸಬೇಕೆಂಬ ಬೇಡಿಕೆ ಅಲ್ಲಿ ಇಂದಿಗೂ ಕೇಳಿಬರುತ್ತಿದೆ.