ಗೋಲು ಹೊಡೆಯದವನನ್ನು ಯಾಕೆ ಹೊಗಳ್ತಾರೆ? ಐಸ್ ಹಾಕಿ ಲೆಕ್ಕದ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಮಗನ ಸಂಸಾರ ಟೊರೊಂಟೊದಲ್ಲಿ ಉಂಟು. ಅವರ ಜೊತೆ ಮಾತಾಡ್ಲಿಕ್ಕೆ ಒಂದು ವಿಷಯ ಬೇಕಲ್ಲ ಅಂತ ನಾನೂ ಬೆಳಿಗ್ಗೆ ಐದೂವರೆಗೆ ಎದ್ದು ಅಲ್ಲಿನ ಐಸ್ ಹಾಕಿ ಟೀಮ್ ಮೇಪಲ್ ಲೀಫ್ಸ್ ಮ್ಯಾಚ್ ನೋಡ್ತೇನೆ. ಮೊನ್ನೆ ಮೊಮ್ಮಗ ಫೋನಲ್ಲಿ "ಅಜ್ಜ, ಅವನ ಕಾರ್ಸಿ 60 ಇತ್ತು, ಒಳ್ಳೆ ಆಡಿದ" ಅಂದ. ಆ ಆಟಗಾರ ಗೋಲು ಹೊಡೀಲಿಲ್ಲ, ಪಾಸೂ ಕೊಡ್ಲಿಲ್ಲ, ಪ್ಲಸ್-ಮೈನಸ್ ನೋಡಿದ್ರೆ ಮೈನಸ್ 2. ಇದೆಂತ ಲೆಕ್ಕ?
(ಓದುಗರು, ಕದ್ರಿ)

ಉತ್ತರ: ನಿಮ್ಮ ಮೊಮ್ಮಗ ಹೇಳಿದ್ದು ಸರಿಯಾಗಿಯೇ ಉಂಟು. ಮೊದಲು ಆ ಮೈನಸ್ 2 ಎಲ್ಲಿಂದ ಬಂತು ನೋಡುವ. ಆಟಗಾರ ಐಸ್ ಮೇಲೆ ಇರುವಾಗ ಅವನ ಟೀಮ್ ಗೋಲು ಹೊಡೆದ್ರೆ ಒಂದು ಪ್ಲಸ್, ಎದುರಿನವರು ಹೊಡೆದ್ರೆ ಒಂದು ಮೈನಸ್, ಪವರ್ ಪ್ಲೇಯಲ್ಲಿ (ಎದುರಿನವ ಒಬ್ಬ ಶಿಕ್ಷೆಗೆ ಹೊರಗೆ ಕೂತು ಒಂದು ಕಡೆ ಜನ ಜಾಸ್ತಿ ಇರುವ ಹೊತ್ತಲ್ಲಿ) ಹೊಡೆದ ಗೋಲು ಮಾತ್ರ ಇದಕ್ಕೆ ಸೇರುವುದಿಲ್ಲ, ಅಷ್ಟೇ. ಅಂದ್ರೆ ಗೋಲಿ (ಗೋಲ್‌ಕೀಪರ್) ಸುಲಭದ ಪಕ್ (ಬಾಲಿನ ಬದಲು ಇರುವ ರಬ್ಬರ್ ಬಿಲ್ಲೆ) ಬಿಟ್ರೂ ಮೈನಸ್ ಬೀಳುವುದು ಐಸ್ ಮೇಲಿದ್ದ ಐದೂ ಜನರಿಗೆ, ಆ ಹೊತ್ತಿಗೆ ಬದಲಿಯಾಗಿ ಆಗಷ್ಟೇ ಒಳಗೆ ಕಾಲಿಟ್ಟವನಿಗೂ. 1974-75ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ಎನ್‌ಎಚ್‌ಎಲ್‌ಗೆ (ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ಹೊಸದಾಗಿ ಬಂದ ವರ್ಷ 80 ಮ್ಯಾಚಲ್ಲಿ ಗೆದ್ದದ್ದು ಬರೀ 8, ಆ ಟೀಮಿನ ಡಿಫೆನ್ಸ್ ಆಟಗಾರ ಬಿಲ್ ಮಿಕ್ಕೆಲ್‌ಸನ್ ಹೆಸರಲ್ಲಿ ಮೈನಸ್ 82 ಅಂತ ಉಳೀತು, ಇವತ್ತಿಗೂ ಅದೇ ಅತಿ ಕೆಟ್ಟ ದಾಖಲೆ. ಅಂಥ ಟೀಮಲ್ಲಿ ಯಾರು ನಿಂತಿದ್ರೂ ಇಷ್ಟೇ ಆಗ್ತಿತ್ತು ಅಂತ ನನಗೆ ಅನ್ನಿಸ್ತದೆ. ಇನ್ನೊಂದು ನೋಡಿ, 2013-14ರಲ್ಲಿ ಅಲೆಕ್ಸ್ ಒವೆಚ್ಕಿನ್ 51 ಗೋಲು ಹೊಡೆದು ಇಡೀ ಲೀಗಿಗೇ ಮೊದಲು ಬಂದ, ಅದೇ ಸೀಸನಲ್ಲಿ ಅವನ ಪ್ಲಸ್-ಮೈನಸ್ ಮೈನಸ್ 35! ಡಿಫೆನ್ಸಿಗೆ ಅವನು ಅಷ್ಟಾಗಿ ತಲೆ ಕೊಡುವುದಿಲ್ಲ ಅನ್ನುವುದು ಹೌದು, ಆದ್ರೂ ಆ 35ರಲ್ಲಿ ಅವನ ತಪ್ಪು ಎಷ್ಟು ಗೋಲಿಯದ್ದು ಎಷ್ಟು ಅಂತ ಆ ಒಂದು ನಂಬರ್ ನೋಡಿ ಹೇಳ್ಲಿಕ್ಕೆ ಆಗುವುದೇ ಇಲ್ಲ.

ತೊಂದರೆ ಇರುವುದು ಗೋಲು ಅಪರೂಪ ಅನ್ನುವುದರಲ್ಲಿ. ಒಂದು ಮ್ಯಾಚಲ್ಲಿ ಒಂದು ಟೀಮಿಗೆ ಸಿಗುವುದು ಸುಮಾರು 3 ಗೋಲು, ಆದ್ರೆ ಗೋಲಿನ ಕಡೆಗೆ ಪಕ್ ಹೊಡೆಯುವ ಪ್ರಯತ್ನ 50-60 ಸಲ ಆಗ್ತದೆ. ನಮ್ಮ ಕ್ರಿಕೆಟಲ್ಲಿ ಬೌಲರ್ ಒಬ್ಬ ಓವರಿಗೆ ನಾಲ್ಕು ಸಲ ಬ್ಯಾಟಿನ ಅಂಚಿನ ಪಕ್ಕದಲ್ಲೇ ಬಾಲ್ ದಾಟಿಸ್ತಾನೆ, ಒಂದೂ ತಾಗುವುದಿಲ್ಲ, ಸ್ಕೋರ್‌ಕಾರ್ಡಲ್ಲಿ ವಿಕೆಟ್ ಸೊನ್ನೆ, ಆದ್ರೆ ನೋಡಿದವರಿಗೆ ಗೊತ್ತು ಆ ಸ್ಪೆಲ್ ಹೇಗಿತ್ತು ಅಂತ. ಕಾರ್ಸಿ ಅಂದ್ರೆ ಆ ದಾಟಿದ ಬಾಲುಗಳನ್ನೂ ಎಣಿಸುವುದು. ಗೋಲಿನ ನೇರಕ್ಕೆ ಹೋದ ಶಾಟ್, ಪಕ್ಕಕ್ಕೆ ಹೋದದ್ದು, ಎದುರಿನವರು ಮೈಕೊಟ್ಟು ತಡೆದದ್ದು ಎಲ್ಲ ಸೇರಿಸಿ, ಆ ಆಟಗಾರ ಐಸ್ ಮೇಲಿದ್ದಾಗ ಎರಡೂ ಕಡೆಯ ಒಟ್ಟು ಪ್ರಯತ್ನದಲ್ಲಿ ನೂರಕ್ಕೆ ಎಷ್ಟು ನಮ್ಮ ಟೀಮಿನದ್ದು ಅಂತ ನೋಡ್ತಾರೆ. ಸಾಮಾನ್ಯವಾಗಿ ಐವರಿಗೆ ಐವರು ಇದ್ದ ಹೊತ್ತಿನದ್ದು ಮಾತ್ರ. ನಮ್ಮದು 18, ಅವರದ್ದು 12 ಆದ್ರೆ ಕಾರ್ಸಿ 60. ಅಂದ್ರೆ ಅವನಿದ್ದಾಗ ಆಟ ಹೆಚ್ಚಾಗಿ ಎದುರಿನವರ ಗೋಲಿನ ಹತ್ರವೇ ನಡೀತು, ಗೋಲು ಬರ್ಲಿಲ್ಲ ಅಷ್ಟೇ. ತಡೆದ ಶಾಟ್ ಬಿಟ್ಟು ಎಣಿಸಿದ್ರೆ ಅದು ಫೆನ್ವಿಕ್.

ಇದು ಹುಟ್ಟಿದ್ದೂ ಚಂದದ ಕತೆ. ಬಫಲೋ ಸೇಬರ್ಸ್ ಟೀಮಿನ ಗೋಲಿ ಕೋಚ್ ಜಿಮ್ ಕಾರ್ಸಿ ತನ್ನ ಗೋಲಿಗಳು ಎಷ್ಟು ದಣೀತಾರೆ ಅಂತ ತಿಳಿಯಬೇಕಿತ್ತು, ಪಕ್ ಪಕ್ಕಕ್ಕೆ ಹೋದ್ರೂ ಯಾರೋ ತಡೆದ್ರೂ ಗೋಲಿ ಮೈ ಬಿಗಿ ಮಾಡಿ ಕೂತೇ ಇರಬೇಕಲ್ಲ, ಹಾಗಾಗಿ ಎಲ್ಲ ಪ್ರಯತ್ನವನ್ನೂ ಎಣಿಸ್ತಿದ್ರು. ಅದನ್ನು ಆಟಗಾರರ ಲೆಕ್ಕವಾಗಿ ಬೆಳೆಸಿ ಆ ಹೆಸರಿಟ್ಟದ್ದು ಟಿಮ್ ಬಾರ್ನ್ಸ್ ಅನ್ನುವ ಅಭಿಮಾನಿ, ವಿಕ್ ಫೆರಾರಿ ಅನ್ನುವ ಗುಪ್ತನಾಮದಲ್ಲಿ ಬರೀತಿದ್ದವರು. ಟೀಮ್‌ಗಳು ತುಂಬ ಕಾಲ ಇದನ್ನು ತಾತ್ಸಾರ ಮಾಡಿದ್ವು, ಆಮೇಲೆ 2014ರ ಬೇಸಿಗೆಯಲ್ಲಿ ಒಂದರ ಹಿಂದೆ ಒಂದು ಟೀಮ್ ಇಂಥ ಲೆಕ್ಕದವರನ್ನು ಕೆಲಸಕ್ಕೆ ಕರೆದ್ವು, ಆಗ ಬಂದವರಲ್ಲಿ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡಿದ್ದ ಎರಿಕ್ ಟುಲ್‌ಸ್ಕಿ 2024ರಲ್ಲಿ ಕ್ಯಾರೊಲಿನಾ ಟೀಮಿನ ಜನರಲ್ ಮ್ಯಾನೇಜರೇ ಆದ್ರು. ಎನ್‌ಎಚ್‌ಎಲ್ ಕೂಡ 2015ರಿಂದ ಇವನ್ನು ಬೇರೆ ಹೆಸರಲ್ಲಿ ಅಧಿಕೃತವಾಗಿಯೇ ಕೊಡ್ತಾ ಉಂಟು.

ಒಂದು ಜಾಗ್ರತೆ. ಹಿಂದೆ ಬಿದ್ದ ಟೀಮ್ ಜಾಸ್ತಿ ಹೊಡೀತದೆ, ಮುಂದಿರುವ ಟೀಮ್ ಕಾಯ್ತಾ ಕೂತ್ಕೊಳ್ತದೆ. ಹಾಗಾಗಿ 4-0ಯಲ್ಲಿ ಸೋತ ಮ್ಯಾಚಿನ ಕಾರ್ಸಿ ನೋಡಿ ಸಮಾಧಾನ ಮಾಡ್ಕೊಳ್ಬೇಡಿ. ಮತ್ತೆ ಒಂದು ಮ್ಯಾಚಿನ ನಂಬರಿಗೆ ಹೆಚ್ಚು ಬೆಲೆ ಇಲ್ಲ, ಕಡೇಪಕ್ಷ 20-25 ಮ್ಯಾಚ್ ಆದ್ರೂ ಆಗ್ಲಿ.

ಪ್ರಶ್ನೆ: ನಾವು ಹಾಸ್ಟೆಲಲ್ಲಿ ಫ್ಯಾಂಟಸಿ ಲೀಗ್ ಆಡ್ತೇವೆ. ನನ್ನ ಟೀಮಿನ ಒಬ್ಬ ಫಾರ್ವರ್ಡ್ ಶುರುವಿನಿಂದ ಬೆಂಕಿ ಹಾಗೆ ಆಡ್ತಿದ್ದಾನೆ, ಆದ್ರೆ ಫ್ರೆಂಡ್ "ಅವನ ಪಿಡಿಒ 105, ಈಗಲೇ ಮಾರಿಬಿಡು" ಅಂತಿದ್ದಾನೆ. ಎಕ್ಸ್‌ಜಿ ನೋಡು ಅಂತಾನೆ. ನಂಗೆ ಮಂಡೆಬಿಸಿ. ಮಾರ್ಬೇಕಾ?
(ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಫ್ರೆಂಡ್ ಮಾತು ಕೇಳಿ, ಆದ್ರೆ ಅರ್ಧ ಮಾತ್ರ. ಪಿಡಿಒ ಎರಡು ನಂಬರಿನ ಮೊತ್ತ: ಆಟಗಾರ ಐಸ್ ಮೇಲಿದ್ದಾಗ ಟೀಮಿನ ನೂರು ಶಾಟಲ್ಲಿ ಗೋಲಾದದ್ದು ಎಷ್ಟು, ಪ್ಲಸ್ ನಮ್ಮ ಗೋಲಿ ನೂರರಲ್ಲಿ ತಡೆದದ್ದು ಎಷ್ಟು. ಲೀಗಿನ ಸರಾಸರಿ ಸುಮಾರು 8 ಮತ್ತು 92, ಸೇರಿಸಿದ್ರೆ 100. ಗೋಲಿ ತಡೆಯುವುದರಲ್ಲಿ ನಿಮ್ಮ ಫಾರ್ವರ್ಡಿನ ಕೈವಾಡ ಅಷ್ಟಕ್ಕಷ್ಟೇ, ಶಾಟ್ ಒಳಗೆ ಹೋಗುವುದರಲ್ಲಿ ಸ್ವಲ್ಪ ಕೌಶಲ ಸ್ವಲ್ಪ ಅದೃಷ್ಟ, ಹಾಗಾಗಿ 105 ಅನ್ನುವುದು ಹೆಚ್ಚು ದಿನ ನಿಲ್ಲುವುದಿಲ್ಲ. ನಿಜಕ್ಕೂ ಒಳ್ಳೆ ಶೂಟರ್‌ಗಳು, ಒಳ್ಳೆ ಗೋಲಿ ಇರುವ ಟೀಮು 101ರ ಆಚೆಈಚೆ ವರ್ಷಗಟ್ಟಲೆ ಇರ್ಬಹುದು, ಆದ್ರೆ 105 ಸಾಧ್ಯ ಇಲ್ಲ.

ಉದಾಹರಣೆಗೆ ಕೊಲರಾಡೊ ಅವಲಾಂಚ್ ಟೀಮ್ 2013-14ರಲ್ಲಿ 112 ಪಾಯಿಂಟ್ ಮಾಡಿತು, ಎಲ್ಲರೂ ಕುಣಿದ್ರು. ಶಾಟ್ ಲೆಕ್ಕದಲ್ಲಿ ಅವರು ಹಿಂದೆಯೇ ಇದ್ರು, ಅದನ್ನು ಹೇಳಿದವರನ್ನು ಯಾರೂ ಕೇಳ್ಲಿಲ್ಲ, ಮರುವರ್ಷ ಪ್ಲೇಆಫಿಗೇ ಬರ್ಲಿಲ್ಲ. ಅದೇ 2013-14ರಲ್ಲಿ ಟೊರೊಂಟೊ ಮೇಪಲ್ ಲೀಫ್ಸ್ ಎದುರಿನವರಿಂದ ಶಾಟ್ ಮೇಲೆ ಶಾಟ್ ತಿಂತಾ ಗೆಲ್ತಾ ಇತ್ತು, ಮಾರ್ಚಲ್ಲಿ ಸಾಲಾಗಿ 8 ಮ್ಯಾಚ್ ಸೋತು ಹೊರಗೆ ಬಿತ್ತು. ಇದರ ಉಲ್ಟಾ 2012ರ ಲಾಸ್ ಏಂಜಲೀಸ್ ಕಿಂಗ್ಸ್. ಗೋಲು ಹೊಡೆಯುವುದರಲ್ಲಿ 30 ಟೀಮಲ್ಲಿ 29ನೇ ಜಾಗ, ಕಾನ್ಫರೆನ್ಸಲ್ಲಿ (ಲೀಗಿನ ಅರ್ಧ ಭಾಗ) ಎಂಟನೆಯವರಾಗಿ ಹೇಗೋ ಪ್ಲೇಆಫಿಗೆ ನುಗ್ಗಿದ್ರು, ಆದ್ರೆ ಪಕ್ ಹೆಚ್ಚು ಹೊತ್ತು ಅವರ ಹತ್ರವೇ ಇರ್ತಿತ್ತು. ಲೀಗಿನ ಚಾಂಪಿಯನ್‌ಗೆ ಕೊಡುವ ಸ್ಟಾನ್ಲಿ ಕಪ್ ಅವರೇ ಗೆದ್ರು.

ಈಗ ಎಕ್ಸ್‌ಜಿ, ಅಂದ್ರೆ ಎಕ್ಸ್‌ಪೆಕ್ಟೆಡ್ ಗೋಲ್ಸ್, ಲೆಕ್ಕದ ಪ್ರಕಾರ ಬರಬೇಕಾಗಿದ್ದ ಗೋಲು. ಎಲ್ಲ ಶಾಟೂ ಒಂದೇ ಅಲ್ಲ ಅನ್ನುವುದೇ ಇದರ ಮೂಲ. ಗೋಲಿನಿಂದ ದೂರ ಇರುವ ನೀಲಿ ಗೆರೆಯ ಹತ್ರದಿಂದ ಸುಮ್ಮನೆ ಎಸೆದ ಪಕ್ ನೂರಕ್ಕೆ ಎರಡೋ ಮೂರೋ ಒಳಗೆ ಹೋಗ್ತದೆ, ಗೋಲಿನ ಎದುರಿಗೇ ರಿಬೌಂಡ್ (ಗೋಲಿಗೆ ತಾಗಿ ವಾಪಸ್ ಬಂದ ಪಕ್) ಸಿಕ್ಕಿದ್ರೆ ಅದರ ಎಷ್ಟೋ ಪಟ್ಟು ಜಾಸ್ತಿ. ದೂರ, ಕೋನ, ಯಾವ ತರದ ಶಾಟ್, ರಿಬೌಂಡಾ, ಇದೆಲ್ಲ ನೋಡಿ ಪ್ರತಿ ಶಾಟಿಗೂ ಗೋಲಾಗುವ ಸಾಧ್ಯತೆ ಹಾಕಿ ಕೂಡಿಸ್ತಾರೆ. ನಿಮ್ಮವನಿಗೆ 9 ಗೋಲು ಉಂಟು, ಎಕ್ಸ್‌ಜಿ 8 ಉಂಟು ಅಂದ್ರೆ ಅವಕಾಶ ಅವನೇ ಮಾಡ್ಕೊಳ್ತಿದ್ದಾನೆ, ಮಾರ್ಬೇಡಿ. ಎಕ್ಸ್‌ಜಿ 4 ಇದ್ದು 9 ಗೋಲು ಬಂದಿದ್ರೆ ಮಾರ್ಲಿಕ್ಕೆ ಇದೇ ಟೈಮ್, ಒಳ್ಳೆ ಬೆಲೆ ಬರ್ತದೆ. ಅವನು ಹಿಂದಿನ ಮೂರ್ನಾಲ್ಕು ಸೀಸನಲ್ಲೂ ಎಕ್ಸ್‌ಜಿಗಿಂತ ಜಾಸ್ತಿ ಹೊಡೆದವನಾದ್ರೆ ಮಾತ್ರ ಎರಡು ಸಲ ಯೋಚಿಸಿ, ಕೆಲವರ ಕೈಯಲ್ಲಿ ಆ ಗುಣ ಇರ್ತದೆ. ಪವರ್ ಪ್ಲೇಯಲ್ಲಿ ಎಷ್ಟು ನಿಮಿಷ ಸಿಗ್ತದೆ ಅಂತಾನೂ ನೋಡಿ, ಫ್ಯಾಂಟಸಿಯಲ್ಲಿ ಪಾಯಿಂಟ್ ಅಲ್ಲೇ ಬೀಳುವುದು. ಎರಡು ಕಡೆ ಎಕ್ಸ್‌ಜಿ ಬೇರೆಬೇರೆ ಇದ್ರೆ ಗಾಬರಿ ಬೇಡ, ಒಬ್ಬೊಬ್ಬರ ಮಾಡೆಲ್ ಒಂದೊಂದು, ಒಂದನ್ನೇ ಹಿಡಿದು ಹೋಲಿಸಿ.

ಪ್ರಶ್ನೆ: ಗೋಲಿ ಹೇಗೆ ಅಂತ ತಿಳೀಲಿಕ್ಕೆ ಸೇವ್ ಪರ್ಸೆಂಟೇಜ್ (ನೂರು ಶಾಟಲ್ಲಿ ತಡೆದದ್ದು ಎಷ್ಟು) ಸಾಕಲ್ವಾ?
(ಓದುಗರು, ಕುಂದಾಪುರ)

ಉತ್ತರ: ಸಾಲುವುದಿಲ್ಲ. ಡಿಫೆನ್ಸ್ ಗಟ್ಟಿ ಇರುವ ಟೀಮಿನ ಗೋಲಿಗೆ ಬರುವುದೆಲ್ಲ ದೂರದ ಶಾಟ್, ಹಾಗಾಗಿ ಅವನ ಪರ್ಸೆಂಟೇಜ್ ತನ್ನಷ್ಟಕ್ಕೇ ಚಂದ ಕಾಣ್ತದೆ. ಎದುರಿಸಿದ ಶಾಟುಗಳ ಎಕ್ಸ್‌ಜಿ ಕೂಡಿಸಿ ಅದರಿಂದ ಬಿಟ್ಟ ಗೋಲು ಕಳೀರಿ, ಉಳಿದದ್ದು ಅವನು ಉಳಿಸಿದ ಗೋಲು. 2024-25ರಲ್ಲಿ ಗೋಲಿಯಾಗಿದ್ದೂ ತನ್ನ ಟೀಮಿಗೆ ಎಲ್ಲರಿಗಿಂತ ಹೆಚ್ಚು ಬೆಲೆಯ ಆಟಗಾರ ಅಂತ ಲೀಗಲ್ಲಿ ಒಬ್ಬನಿಗೆ ಕೊಡುವ ಹಾರ್ಟ್ ಟ್ರೋಫಿ ಗೆದ್ದ ವಿನಿಪೆಗ್‌ನ ಕಾನರ್ ಹೆಲ್ಲೆಬಕ್ ಬೆಲೆ ಗೊತ್ತಾಗಬೇಕಾದ್ರೆ ಈ ಕಳೆಯುವ ಲೆಕ್ಕ ನೋಡಬೇಕು.

ಪ್ರಶ್ನೆ: ನಾನು ಪಿಟಿ ಟೀಚರ್, ಹೆಣ್ಣುಮಕ್ಕಳ ಹಾಕಿ ಟೀಮ್ ನೋಡ್ಕೊಳ್ತೇನೆ, ನಮ್ಮದು ಟರ್ಫಿನ ಹಾಕಿ. ಡಿಫೆನ್ಸಲ್ಲಿ ಆಡುವ ಮಕ್ಕಳ ಹೆಸರು ಯಾವ ಲೆಕ್ಕದಲ್ಲೂ ಬರುವುದಿಲ್ಲ, ಸೆಲೆಕ್ಷನಲ್ಲಿ ಅವರಿಗೆ ಅನ್ಯಾಯ ಆಗ್ತದೆ. ಈ ಕಾರ್ಸಿ ಗೀರ್ಸಿ ನಮಗೆ ಉಪಯೋಗಕ್ಕೆ ಬರ್ತದಾ?
(ಓದುಗರು, ಉಡುಪಿ)

ಉತ್ತರ: ಟೀಚರೇ, ಬರ್ತದೆ, ಮತ್ತೆ ನಿಮ್ಮ ಪ್ರಶ್ನೆ ನನಗೆ ತುಂಬ ಹಿಡಿಸಿತು, ಈ ಲೆಕ್ಕದಿಂದ ಹೆಚ್ಚು ನ್ಯಾಯ ಸಿಕ್ಕಿದ್ದೇ ಅಂಥ ಆಟಗಾರರಿಗೆ. ವ್ಯಾಂಕೂವರ್ ಕನಕ್ಸ್‌ನಲ್ಲಿ ಮ್ಯಾನಿ ಮಲ್ಹೋತ್ರಾ ಅಂತ ಒಬ್ಬರಿದ್ರು, ತಂದೆ ಭಾರತ ಮೂಲದವರು. ಕೋಚ್ ಅಲೇನ್ ವಿನ್ಯೋ ಅವರನ್ನು ತಮ್ಮ ಗೋಲಿನ ಹತ್ರ ಫೇಸ್‌ಆಫ್ (ರೆಫ್ರಿ ಇಬ್ಬರ ನಡುವೆ ಪಕ್ ಬಿಟ್ಟು ಆಟ ಶುರು ಮಾಡುವುದು) ಇದ್ದಾಗಲೇ ಕಳಿಸ್ತಿದ್ರು, ಎದುರಿನ ಗೋಲಿನ ಹತ್ರ ಇದ್ದಾಗ ಸೆಡಿನ್ ಅವಳಿ ಅಣ್ಣತಮ್ಮಂದಿರನ್ನು. ಮಲ್ಹೋತ್ರಾರ ಕಾರ್ಸಿ ನೋಡಿದ್ರೆ ಕೆಟ್ಟದ್ದು, ಆದ್ರೆ ಕಷ್ಟದ ಕೆಲಸ ಎಲ್ಲ ಅವರು ಹೊತ್ತದ್ದಕ್ಕೇ ಸೆಡಿನ್‌ಗಳಿಗೆ ಗೋಲಿನ ಎದುರು ಬೇಕಾದಷ್ಟು ಜಾಗ ಸಿಕ್ಕಿತು. ಎಲ್ಲಿಂದ ಶುರು ಮಾಡಿದ ಅನ್ನುವ ಈ ಜೋನ್ ಸ್ಟಾರ್ಟ್ ಲೆಕ್ಕಕ್ಕೆ ಮೊದಲು ಅಂದ್ಕೊಂಡಷ್ಟು ತೂಕ ಇಲ್ಲ ಅಂತ ಆಮೇಲೆ ಗೊತ್ತಾಯ್ತು, ಯಾಕಂದ್ರೆ ಸುಮಾರು ಬದಲಾವಣೆ ಆಟ ನಡೀತಾ ಇರುವಾಗಲೇ ಆಗ್ತದೆ, ಆದ್ರೆ ಮಲ್ಹೋತ್ರಾರಷ್ಟು ಒಂದೇ ಕಡೆ ವಾಲಿದ್ರೆ ಅದನ್ನು ಮರೀಬಾರದು. ಅದಕ್ಕಿಂತ ದೊಡ್ಡದು ಜೊತೆಗೆ ಯಾರು ಆಡಿದ್ರು ಅನ್ನುವುದು.

ನಿಮಗೆ ಕಂಪ್ಯೂಟರ್ ಬೇಡ. ಬೆಂಚಲ್ಲಿ ಕೂತ ಒಬ್ಬಳು ಹುಡುಗಿ ಕೈಗೆ ನೋಟ್‌ಬುಕ್ ಕೊಡಿ. ಟರ್ಫ್ ಹಾಕಿಯಲ್ಲಿ ಗೋಲು ಸರ್ಕಲ್ ಒಳಗಿಂದಲೇ ಆಗ್ಬೇಕಲ್ಲ, ಹಾಗಾಗಿ ಶಾಟಿನ ಬದಲು ಸರ್ಕಲ್ ಒಳಗೆ ಬಾಲ್ ಎಷ್ಟು ಸಲ ಹೋಯ್ತು, ನಮ್ಮದು ಎಷ್ಟು ಅವರದ್ದು ಎಷ್ಟು ಅಂತ ಗೀಟು ಹಾಕ್ಲಿ, ಪ್ರತಿ ಗೀಟಿನ ಪಕ್ಕ ಟೈಮ್ ಬರೀಲಿ. ಯಾರು ಯಾವಾಗ ಒಳಗೆ ಹೋದ್ರು ಹೊರಗೆ ಬಂದ್ರು ಅಂತ ಇನ್ನೊಬ್ಬಳು ಬರೀಲಿ. ಸಂಜೆ ಎರಡನ್ನೂ ಪಕ್ಕಪಕ್ಕ ಇಟ್ಟು, ಒಬ್ಬಳು ಆಡ್ತಿದ್ದಾಗ ಎಷ್ಟು, ಅವಳು ಹೊರಗೆ ಕೂತಾಗ ಎಷ್ಟು ಅಂತ ನೋಡಿ. ಇಡೀ ಮ್ಯಾಚ್ ಹೊರಗೆ ಬಾರದ ಹುಡುಗಿಗೆ ಇದು ಆಗುವುದಿಲ್ಲ, ಅಂಥವರಿಗೆ ಪ್ರಾಕ್ಟೀಸ್ ಮ್ಯಾಚಲ್ಲಿ ಜೋಡಿ ಬದಲಿಸಿ ಎಣಿಸಿ. ಸೆಲೆಕ್ಷನಿಗೆ ಹೋಗುವಾಗ ಒಂದು ಟೂರ್ನಮೆಂಟಿನದ್ದು ಅಲ್ಲ, ಇಡೀ ಸೀಸನಿನ ಪುಸ್ತಕ ತಗೊಂಡು ಹೋಗಿ.