ಮೆಚ್ಚುಗೆಯ ವಿಮರ್ಶೆ ಬರಿಯ ಹೊಗಳಿಕೆಯಾಗದಿರಲು

ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ ಚಲನಚಿತ್ರ ನಿಮಗೆ ಬಹಳ ಹಿಡಿಸಿದ್ದರೂ ಬರೆದದ್ದೆಲ್ಲ ಹೊಗಳಿಕೆಯಂತೆ ಕಾಣುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ‘ಅದ್ಭುತ’, ‘ಮನಮುಟ್ಟುವ’ ಎಂಬ ವಿಶೇಷಣಗಳನ್ನು ತೆಗೆದು, ಮೆಚ್ಚುಗೆ ಹುಟ್ಟಿಸಿದ ದೃಶ್ಯವನ್ನೇ ಓದುಗರ ಮುಂದಿಡಿ. ನಟನೆಯ ಅನುಭವವಿಲ್ಲದ ಮಂಡ್ಯ ಸೀಮೆಯ ಹಳ್ಳಿಗರೇ ಪಾತ್ರ ವಹಿಸಿದ್ದಾರೆ ಎಂಬುದು ಮಾಹಿತಿಯಾಯಿತು. ಸೆಂಚುರಿ ಗೌಡ ಸತ್ತ ಮೇಲೆ 11ನೆಯ ದಿನದ ತಿಥಿಯವರೆಗೆ, ಮೊಮ್ಮಗ ತಮ್ಮಣ್ಣ ಜಮೀನಿಗಾಗಿ ಪಡುವ ಪಾಡಿನ ಪಕ್ಕದಲ್ಲಿ, ತಂದೆಯ ಸಾವಿಗೂ ಆಸ್ತಿಗೂ ಅಂಟಿಕೊಳ್ಳದೆ ಅಲೆಯುವ ಮಗ ಗಡ್ಡಪ್ಪನ ನಡಿಗೆ ಏಕೆ ಅಷ್ಟು ನಿಜವೆನಿಸುತ್ತದೆ ಎಂದು ವಿವರಿಸಿದಾಗಲೇ ಅದು ವಿಮರ್ಶೆ. 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಂದ ಪ್ರಶಸ್ತಿಗೆ ಒಂದು ಸಾಲು ಸಾಕು. ಸಡಿಲವೆನಿಸಿದ ಭಾಗವಿದ್ದರೆ ಅದನ್ನೂ ಸಂಕೋಚವಿಲ್ಲದೆ ಬರೆಯಿರಿ. ಕಥೆಯ ಕೊನೆಯನ್ನು ಮಾತ್ರ ದಯವಿಟ್ಟು ಬಯಲು ಮಾಡಬೇಡಿ.