ಓಆರ್‌ಎಸ್ ಕೊಟ್ಟರೂ ಅಮ್ಮನ ಭೇದಿ ನಿಲ್ಲುತ್ತಿಲ್ಲ, ಬಿಡಲೇ? ಸಿಂಧನೂರಿನ ಪ್ರಶ್ನೆಗೆ

ಅಕ್ಕಿ ತೊಳೆದ ನೀರಿನಂಥ ಭೇದಿ, ಹೊಟ್ಟೆನೋವಿಲ್ಲ, ಓಣಿಯಲ್ಲಿ ಇನ್ನೂ ಕೆಲವರಿಗೆ ಹೀಗೇ ಆಗಿದೆ ಅಂದಿದ್ದೀರಿ. ಕಾಲರಾ ಇರುವ ಸಾಧ್ಯತೆ ಹೆಚ್ಚು. ಮಲ ಪರೀಕ್ಷೆಯಾಗದೆ ಖಚಿತವಾಗಿ ಹೇಳಲಾಗದು.

ಓಆರ್‌ಎಸ್ ಮಾತ್ರ ಬಿಡಬೇಡಿ. ಅದು ಭೇದಿ ನಿಲ್ಲಿಸುವುದಿಲ್ಲ, ಹೋದ ನೀರನ್ನು ತುಂಬುತ್ತದೆ. ಕಾಲರಾ ವಿಷ ಕರುಳಿನ ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಸಾಗಿಸುವ ರಾಸಾಯನಿಕ ತಯಾರಿಸುವ ಕಿಣ್ವ ಆಫ್ ಆಗದಂತೆ ಮಾಡಿಬಿಡುತ್ತದೆ. ಸೈಕ್ಲಿಕ್ ಎಎಂಪಿ ಏರಿದಾಗ ಕ್ಲೋರೈಡ್ ಹೊರಬೀಳುತ್ತದೆ, ಅದರ ಹಿಂದೆಯೇ ಸೋಡಿಯಂ, ನೀರು. ಆದರೆ ಗ್ಲೂಕೋಸನ್ನೂ ಸೋಡಿಯಂ ಅನ್ನೂ ಒಟ್ಟಿಗೆ ಒಳಗೆಳೆಯುವ ಇನ್ನೊಂದು ದಾರಿಗೆ ಈ ವಿಷ ತಾಗುವುದಿಲ್ಲ. ಓಆರ್‌ಎಸ್ ಕೆಲಸ ಮಾಡುವುದು ಆ ದಾರಿಯಲ್ಲೇ. ಅದಕ್ಕೇ ಅಳತೆ ತಪ್ಪಬಾರದು.

ಮೊದಲು ದೊಡ್ಡ ಪ್ಯಾಕೆಟ್ ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಕಾಲುವೆ, ಟ್ಯಾಂಕರ್ ನೀರನ್ನು ಹಾಗೇ ಬಳಸಬೇಡಿ. ಪ್ಯಾಕೆಟ್ ಸಿಗದಿದ್ದರೆ 1 ಲೀಟರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪ್ರತಿ ಭೇದಿಯ ನಂತರ ಒಂದು ದೊಡ್ಡ ಲೋಟವಾದರೂ ಕುಡಿಸಿ. ವಾಂತಿಯಾದರೆ 10 ನಿಮಿಷ ತಡೆದು, ಚಮಚದಲ್ಲಿ ನಿಧಾನವಾಗಿ ಕೊಡಿ. ಭೇದಿ ಕಟ್ಟುವ ಮಾತ್ರೆ ಬೇಡವೇ ಬೇಡ. ಆಂಟಿಬಯೋಟಿಕ್ ಬೇಕೋ ಎಂದು ವೈದ್ಯರು ಹೇಳಲಿ.

ಅಮ್ಮನ ಹೊಟ್ಟೆಯ ಚರ್ಮ ಚಿವುಟಿ ಬಿಡಿ. ಮಡಿಕೆ ನಿಧಾನವಾಗಿ ಇಳಿದರೆ, ಕಣ್ಣು ಗುಳಿಬಿದ್ದರೆ, ಮಂಪರು ಕವಿದರೆ, 6 ಗಂಟೆಯಿಂದ ಮೂತ್ರವಾಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಡ್ರಿಪ್ ಬೇಕು. ದಾರಿಯಲ್ಲೂ ಎಚ್ಚರವಿದ್ದಷ್ಟು ಹೊತ್ತು ಕುಡಿಸುತ್ತಲೇ ಇರಿ. ಓಣಿಯ ವಿಷಯ ಆಶಾ ಕಾರ್ಯಕರ್ತೆಗೆ ಇವತ್ತೇ ತಿಳಿಸಿ.